ಕೆಲಸ ನಿಲ್ಲಿಸಲು ಆಗುತ್ತಿಲ್ಲವೇ? ಗೀಳಿನಿಂದ ಹೊರಬರಲು ಒಂದಿಷ್ಟು ಹೆಜ್ಜೆಗಳು

ಜಾಸ್ತಿ ಕೆಲಸ ಮಾಡುವವರನ್ನು ನಮ್ಮಲ್ಲಿ ಯಾರೂ ಬೈಯುವುದಿಲ್ಲ. ಕುಡಿತದ ಚಟ ಇದ್ದರೆ ಮನೆಯವರು ಮುಚ್ಚಿಡುತ್ತಾರೆ. ಇಸ್ಪೀಟಿನ ಚಟ ಇದ್ದರೆ ನೆಂಟರು ಕೂರಿಸಿಕೊಂಡು ಬುದ್ಧಿ ಹೇಳುತ್ತಾರೆ. ಕೆಲಸದ ಚಟ ಇದ್ದರೆ ಮಾತ್ರ ಮದುವೆ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ: "ನಮ್ಮ ಹುಡುಗ ರಾತ್ರಿ ಹನ್ನೆರಡಾದರೂ ಲ್ಯಾಪ್‌ಟಾಪ್ ಬಿಟ್ಟು ಏಳಲ್ಲ ನೋಡಿ." ಇದರಿಂದ ಆಗುವ ನಷ್ಟ ತುಂಬಾ ತಡವಾಗಿ ಕಣ್ಣಿಗೆ ಬೀಳುವುದು ಹೀಗಾಗಿಯೇ.

2023ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್ ಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣ ಮೂರ್ತಿ ಅವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಎರಡು ಸಲವೂ ದೊಡ್ಡ ಚರ್ಚೆಯೇ ಆಯಿತು. ಆದರೆ ಯಾರೂ ಹೇಳದೆಯೇ ಅಷ್ಟು ದುಡಿಯುವವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಬಾಸ್ ಊರಲ್ಲಿಲ್ಲ, ಡೆಡ್‌ಲೈನ್ ಮುಂದೆ ಹೋಗಿದೆ, ಭಾನುವಾರ ಬೇರೆ. ಆದರೂ ಕೈ ಲ್ಯಾಪ್‌ಟಾಪ್ ಕಡೆಗೇ ಹೋಗುತ್ತದೆ. ಈ ಲೇಖನ ಅಂಥವರಿಗೆ, ಅವರ ಮನೆಯವರಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಜಾಸ್ತಿ ಇರುವುದು ಬೇರೆ, ಕೆಲಸ ಬಿಡಲು ಆಗದಿರುವುದು ಬೇರೆ. ಮೊದಲನೆಯದು ಹೊರಗಿನಿಂದ ಬರುತ್ತದೆ, ಎರಡನೆಯದು ಒಳಗಿನಿಂದ. ಎರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ಬಿಡಿಸಿ ನೋಡದೆ "ಸ್ವಲ್ಪ ರೆಸ್ಟ್ ತಗೊಳ್ಳಿ" ಎಂದು ಹೇಳುವ ಸಲಹೆಯಿಂದ ಯಾರಿಗೂ ಉಪಯೋಗ ಆಗಿದ್ದನ್ನು ನಾನು ನೋಡಿಲ್ಲ.

ಹೆಜ್ಜೆ 1: ನಿಮ್ಮದು ಯಾವುದು ಎಂದು ತಿಳಿದುಕೊಳ್ಳಿ

ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಏಳು ಪ್ರಶ್ನೆಗಳ ಒಂದು ಅಳತೆಗೋಲು ರೂಪಿಸಿದರು. ಅದರ ತಿರುಳನ್ನು ನಮ್ಮ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಕಳೆದ ಒಂದು ವರ್ಷ ಹೇಗಿತ್ತು ಎಂದು ನೆನಪಿಸಿಕೊಳ್ಳಿ. ಪ್ರತಿಯೊಂದರ ಮುಂದೆ ಇಲ್ಲವೇ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಯಾವಾಗಲೂ, ಇವುಗಳಲ್ಲಿ ಒಂದನ್ನು ಬರೆಯಿರಿ.

- ಕೆಲಸಕ್ಕೆ ಇನ್ನಷ್ಟು ಸಮಯ ಹೇಗೆ ಹೊಂದಿಸಲಿ ಎಂದು ಯೋಚಿಸುತ್ತಿರುತ್ತೀರಾ?
- ಅರ್ಧ ಗಂಟೆ ಅಂದುಕೊಂಡು ಕೂತು ಅದಕ್ಕಿಂತ ತುಂಬಾ ಹೊತ್ತು ಕೆಲಸ ಮಾಡುತ್ತೀರಾ?
- ಮನಸ್ಸಿನ ಕಳವಳ, ತಪ್ಪಿತಸ್ಥ ಭಾವನೆ, ಬೇಜಾರು ಕಡಿಮೆಯಾಗಲಿ ಎಂದು ಕೆಲಸ ಹಿಡಿಯುತ್ತೀರಾ?
- "ಸಾಕು, ಕಡಿಮೆ ಮಾಡು" ಎಂದು ಬೇರೆಯವರು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲವಾ?
- ಕೆಲಸ ಮಾಡಲು ಬಿಡದಿದ್ದರೆ ಚಡಪಡಿಕೆ ಶುರುವಾಗುತ್ತದಾ?
- ಹವ್ಯಾಸ, ಆಟ, ವ್ಯಾಯಾಮ ಎಲ್ಲ ಕೆಲಸದಿಂದಾಗಿ ಹಿಂದಕ್ಕೆ ಹೋಗಿವೆಯಾ?
- ಕೆಲಸದಿಂದ ಆರೋಗ್ಯ ಕೆಟ್ಟಿದೆಯಾ?

ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ "ಆಗಾಗ" ಅಥವಾ "ಯಾವಾಗಲೂ" ಎಂದು ಬಂದರೆ ಗೀಳು ಹಿಡಿದಿರುವ ಸಾಧ್ಯತೆ ಇದೆ ಎಂದು ಅವರ ಲೆಕ್ಕ. ಇಷ್ಟರಿಂದಲೇ ಕಾಯಿಲೆ ಎಂದು ತೀರ್ಮಾನ ಆಗುವುದಿಲ್ಲ, ಹೆದರಬೇಡಿ. ಆದರೆ ತಳ್ಳಿಹಾಕಲೂ ಬೇಡಿ.

ಈ ಏಳರಲ್ಲಿ ಒಂದು ಪ್ರಶ್ನೆಯೂ "ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತೀರಿ" ಎಂದು ಕೇಳುವುದಿಲ್ಲ, ಗಮನಿಸಿದಿರಾ? ವಾರಕ್ಕೆ 40 ಗಂಟೆಯ ಮಿತಿ ಇರುವ ನಾರ್ವೆಯಂಥ ದೇಶದಲ್ಲೂ ನೂರಕ್ಕೆ ಸುಮಾರು 8 ನೌಕರರು ಈ ಅಳತೆಗೋಲಿನಲ್ಲಿ ಸಿಕ್ಕಿಬಿದ್ದರು. ಅಲ್ಲಿ ಅವರನ್ನು ಯಾರೂ ರಾತ್ರಿಯವರೆಗೆ ಕೂರಿಸಿರಲಿಲ್ಲ.

ಹಾಗಾದರೆ ಕೆಲಸವನ್ನು ಪ್ರೀತಿಸುವುದೇ ತಪ್ಪಾ? ಖಂಡಿತ ಅಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ವಾರವಿಡೀ ರಾತ್ರಿ ಹತ್ತರವರೆಗೆ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟ್ರು ಕಾರ್ಯಕ್ರಮ ಮುಗಿದ ಮರುದಿನ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಗೀಳು ಇರುವವರಿಗೆ ಆ ಮರುದಿನವೇ ಕಷ್ಟ. ಒಂದು ಮುಗಿದ ಖುಷಿ ಅವರಿಗೆ ದಕ್ಕುವುದಿಲ್ಲ. ಇನ್ನೊಂದು ಎಲ್ಲಿದೆ ಎಂದು ಹುಡುಕುತ್ತಾರೆ. ಮಾಡುವಾಗ ಹೇಗಿರುತ್ತೀರಿ ಅನ್ನುವುದಕ್ಕಿಂತ ನಿಲ್ಲಿಸಿದಾಗ ಹೇಗಿರುತ್ತೀರಿ ಎಂದು ನೋಡಿಕೊಳ್ಳಿ.

ಹೆಜ್ಜೆ 2: ಎರಡು ವಾರ ಲೆಕ್ಕ ಬರೆಯಿರಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಬಹಳಷ್ಟು ಜನರಿಗೆ ಅರ್ಧ ದಾರಿ ಇಲ್ಲೇ ಸಿಗುತ್ತದೆ.

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ಫೋನ್ ಬೇಡ. ಫೋನ್ ತೆಗೆದರೆ ಮೇಲ್ ಕಾಣುತ್ತದೆ. ಪುಟಕ್ಕೆ ನಾಲ್ಕು ಕಾಲಂ ಹಾಕಿ: ಶುರು, ಮುಗಿದದ್ದು, ಏನು ಕೆಲಸ, ಯಾರು ಕೇಳಿದ್ದು. ಸಿಗ್ನಲ್‌ನಲ್ಲಿ ನಿಂತು ಕಳಿಸಿದ ವಾಟ್ಸ್‌ಆ್ಯಪ್ ಉತ್ತರ, ಊಟದ ನಡುವೆ ಎದ್ದು ಹೋಗಿ ಮಾತಾಡಿದ ಕಾಲ್, ಭಾನುವಾರ "ಸುಮ್ನೆ ಒಂದ್ಸಲ ನೋಡ್ತೀನಿ" ಎಂದು ತೆಗೆದ ಇನ್‌ಬಾಕ್ಸ್, ಎಲ್ಲವೂ ಬರಬೇಕು. ನಾಲ್ಕನೇ ಕಾಲಂನಲ್ಲಿ ಬಾಸ್, ಗಿರಾಕಿ, ಟೀಮು ಅಥವಾ "ನಾನೇ" ಎಂದು ಬರೆಯಿರಿ. ಒಂದು ಪುಟ ಹೀಗಿರಬಹುದು:

ಮಂಗಳವಾರ ರಾತ್ರಿ 10.40ರಿಂದ 11.25. ಪ್ರೆಸೆಂಟೇಶನ್‌ನ ಬಣ್ಣ, ಅಕ್ಷರದ ಗಾತ್ರ ಸರಿ ಮಾಡಿದ್ದು. ಕೇಳಿದ್ದು: ನಾನೇ.
ಬುಧವಾರ ರಾತ್ರಿ 9.30ರಿಂದ 10.30. ಅಮೆರಿಕದವರ ಜೊತೆ ಕಾಲ್. ಕೇಳಿದ್ದು: ಗಿರಾಕಿ.
ಬುಧವಾರ ರಾತ್ರಿ 10.30ರಿಂದ 12.10. ಕಾಲ್‌ನಲ್ಲಿ ಬಂದ ವಿಷಯಕ್ಕೆ ಆಗಲೇ ಉತ್ತರ ಸಿದ್ಧ ಮಾಡಿದ್ದು. ಶುಕ್ರವಾರಕ್ಕೆ ಸಾಕಿತ್ತು. ಕೇಳಿದ್ದು: ನಾನೇ.
ಶನಿವಾರ ಬೆಳಗ್ಗೆ 7.15ರಿಂದ 8.00. ಸೋಮವಾರ ಬರೆದರೂ ನಡೆಯುತ್ತಿದ್ದ ಮೇಲ್. ಕೇಳಿದ್ದು: ನಾನೇ.

ಅಂಗಡಿ, ಹೋಟೆಲು, ಸಣ್ಣ ಕಾರ್ಖಾನೆ ನಡೆಸುವವರೂ ಹೀಗೇ ಬರೆಯಬಹುದು. ಅವರಿಗೆ ಬಾಸ್ ಇಲ್ಲದ್ದರಿಂದ ಎಲ್ಲವೂ "ನಾನೇ" ಆಗಿಬಿಡುತ್ತದೆ. ಹಾಗಾಗಿ "ಇವತ್ತು ಮಾಡದಿದ್ದರೆ ಯಾರಿಗೆ ತೊಂದರೆ ಆಗುತ್ತಿತ್ತು" ಎಂದು ಬರೆದುಕೊಳ್ಳಿ. ಶಟರ್ ಎಳೆದ ಮೇಲೆ ಮನೆಯಲ್ಲಿ ಕೂತು ಮೂರನೇ ಸಲ ಅದೇ ಬಿಲ್ಲುಗಳನ್ನು ತಾಳೆ ನೋಡಿದ್ದರೆ ಉತ್ತರ "ಯಾರಿಗೂ ಇಲ್ಲ" ಎಂದೇ ಬರುತ್ತದೆ.

ಎರಡು ವಾರದ ಕೊನೆಗೆ ಬೇರೆ ಬೇರೆ ಬಣ್ಣದ ಪೆನ್ನಿನಲ್ಲಿ ಕೂಡಿಸಿ. "ಬಾಸ್, ಗಿರಾಕಿ" ಜಾಸ್ತಿ ಇದ್ದರೆ ನಿಮ್ಮ ತೊಂದರೆ ಕೆಲಸದ ಹೊರೆ. ನೇರವಾಗಿ 6 ಮತ್ತು 7ನೇ ಹೆಜ್ಜೆಗೆ ಹೋಗಬಹುದು. "ನಾನೇ" ಜಾಸ್ತಿ ಇದ್ದರೆ ನಿಧಾನವಾಗಿ, ಒಂದೊಂದಾಗಿ ಎಲ್ಲ ಓದಿ.

ಹೆಜ್ಜೆ 3: ಏನೇನು ಕಳೆದುಕೊಳ್ಳುತ್ತಿದ್ದೀರಿ ಎಂದು ನೋಡಿ

ಮೈಯಿಂದ ಶುರು ಮಾಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವವರನ್ನು 35ರಿಂದ 40 ಗಂಟೆ ಕೆಲಸ ಮಾಡುವವರ ಜೊತೆ ಹೋಲಿಸಿ ನೋಡಿದರು. ಮೊದಲನೆಯ ಗುಂಪಿನವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ ಸುಮಾರು ಶೇ 35ರಷ್ಟು, ಹೃದಯದ ರಕ್ತನಾಳ ಕಟ್ಟಿಕೊಂಡು ಸಾಯುವ ಅಪಾಯ ಸುಮಾರು ಶೇ 17ರಷ್ಟು ಜಾಸ್ತಿ. 2016ನೇ ಇಸವಿಯೊಂದರಲ್ಲೇ ಹೀಗೆ ಪ್ರಪಂಚದಲ್ಲಿ ಸತ್ತವರು ಅಂದಾಜು 7 ಲಕ್ಷ 45 ಸಾವಿರ ಮಂದಿ. ಜಪಾನಿನಲ್ಲಂತೂ ದುಡಿದು ದುಡಿದೇ ಸಾಯುವುದಕ್ಕೆ "ಕರೋಶಿ" ಎಂಬ ಹೆಸರೇ ಇದೆ. ಅದನ್ನು ತಡೆಯಲು ಅಲ್ಲಿನ ಸಂಸತ್ತು 2014ರಲ್ಲಿ ಕಾನೂನನ್ನೇ ಮಾಡಿತು.

55 ಗಂಟೆ ಎಂದರೆ ಎಷ್ಟು? ವಾರಕ್ಕೆ ಐದು ದಿನ, ದಿನಕ್ಕೆ 11 ಗಂಟೆ. ಬೆಳಗ್ಗೆ ಒಂಬತ್ತಕ್ಕೆ ಕೂತು ಸಂಜೆ ಏಳಕ್ಕೆ ಎದ್ದು, ರಾತ್ರಿ ಒಂದು ಕಾಲ್ ಮುಗಿಸಿದರೆ ಆಯಿತು. ಬೆಂಗಳೂರಿನಲ್ಲಿ ಇದನ್ನು ಯಾರೂ ಜಾಸ್ತಿ ಎಂದೇ ಅಂದುಕೊಳ್ಳುವುದಿಲ್ಲ. ಇದರಲ್ಲಿ ಟ್ರಾಫಿಕ್ಕಿನ ಹೊತ್ತು ಸೇರಿಲ್ಲ.

ಹೀಗೆ ದುಡಿಯುವವರು ಎದೆ ಹಿಡಿದುಕೊಂಡಂತಾದರೆ "ಗ್ಯಾಸ್ ಇರಬೇಕು, ಈ ಮೀಟಿಂಗ್ ಮುಗಿಸಿ ನೋಡೋಣ" ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎದೆಯಲ್ಲಿ ಒತ್ತಿದಂತೆ ನೋವು, ಅದು ತೋಳಿಗೋ ದವಡೆಗೋ ಹರಡುವುದು, ಜೊತೆಗೆ ತಣ್ಣನೆ ಬೆವರು, ಉಸಿರು ಕಟ್ಟಿದಂತಾಗುವುದು, ಇವು ಬಂದರೆ ಅಲ್ಲೇ ಎದ್ದು ಯಾರನ್ನಾದರೂ ಕರೆಯಿರಿ, 108ಕ್ಕೆ ಫೋನ್ ಮಾಡಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಮೂವತ್ತು ದಾಟಿದವರು ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಿಕೊಳ್ಳಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಸರ್ಕಾರದ "ನಮ್ಮ ಕ್ಲಿನಿಕ್‌"ನಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ.

ನಿದ್ದೆಯ ವಿಷಯ ಇನ್ನೂ ಹತ್ತಿರದ್ದು. ಸತತ 17 ಗಂಟೆ ಎದ್ದೇ ಇದ್ದವರ ಕೈ, ಕಣ್ಣು, ಗಮನ ಎಲ್ಲ ರಕ್ತದಲ್ಲಿ 100 ಮಿಲಿಲೀಟರ್‌ಗೆ 50 ಮಿಲಿಗ್ರಾಂ ಮದ್ಯ ಇದ್ದವರಷ್ಟೇ ಮಂದವಾಗುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ 30 ಮಿಲಿಗ್ರಾಂ. ಬೆಳಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ ಆಫೀಸಿನಿಂದ ಬೈಕ್ ಹತ್ತಿದರೆ ಎಷ್ಟು ಅಪಾಯ ಎಂದು ನೀವೇ ಯೋಚಿಸಿ. ಆ ಹೊತ್ತಿನಲ್ಲಿ ಬರೆದ ಕೋಡು, ತಯಾರಿಸಿದ ಕೊಟೇಶನ್ನು, ಹಾಕಿದ ಸಹಿ ಎಲ್ಲಕ್ಕೂ ಇದೇ ಮಾತು.

ಹೀಗಾಗಿ ಕೆಲಸಕ್ಕೂ ಲಾಭ ಇಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಯಾರು ವಾರಕ್ಕೆ ಎಷ್ಟು ಗಂಟೆ ದುಡಿದರು, ಎಷ್ಟು ಮಾಲು ತಯಾರಿಸಿದರು ಎಂಬ ಲೆಕ್ಕ ಬರೆದಿಟ್ಟಿದ್ದರು. ದುಡಿದವರಲ್ಲಿ ಹೆಚ್ಚಿನವರು ಹೆಂಗಸರು. ಸುಮಾರು ನೂರು ವರ್ಷದ ನಂತರ, 2014ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕವೆಲ್ ಆ ಲೆಕ್ಕವನ್ನು ಮತ್ತೆ ತೆಗೆದು ನೋಡಿದರು. ವಾರಕ್ಕೆ 50 ಗಂಟೆಯ ಹತ್ತಿರ ಬರುವವರೆಗೆ ದುಡಿದಷ್ಟೂ ಮಾಲು ಬರುತ್ತಿತ್ತು. ಆಮೇಲೆ ಪ್ರತಿ ಗಂಟೆಯ ಫಲ ಇಳಿಯುತ್ತಾ ಹೋಯಿತು. 70 ಗಂಟೆ ದುಡಿದವರು ತಯಾರಿಸಿದ್ದಕ್ಕೂ 56 ಗಂಟೆ ದುಡಿದವರು ತಯಾರಿಸಿದ್ದಕ್ಕೂ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ಹದಿನಾಲ್ಕು ಗಂಟೆ ನೀರು ಪಾಲು. ಭಾನುವಾರ ರಜೆ ಇಲ್ಲದ ವಾರಗಳಲ್ಲಿ ಉತ್ಪಾದನೆಗೂ ಪೆಟ್ಟು ಬಿದ್ದಿತ್ತು. ಅಲ್ಲಿ ಎಣಿಸಬಹುದಾದ ಮಾಲು ಇತ್ತು, ಹಾಗಾಗಿ ಗೊತ್ತಾಯಿತು. ನಮ್ಮ ಆಫೀಸುಗಳಲ್ಲಿ ಎಣಿಸಲು ಏನೂ ಇಲ್ಲ. ಅದಕ್ಕೇ ಕೂತ ಗಂಟೆಯನ್ನೇ ದುಡಿಮೆ ಎಂದು ತಿಳಿಯುತ್ತೇವೆ.

ಮನೆಯ ನಷ್ಟವನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಮಗು ಚಿತ್ರ ಬರೆದು ತಂದು "ಅಪ್ಪಾ, ನೋಡಿಲ್ಲಿ" ಅನ್ನುತ್ತದೆ. ನೀವು ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ "ಹೂಂ, ಚೆನ್ನಾಗಿದೆ ಪುಟ್ಟ" ಅನ್ನುತ್ತೀರಿ. ಮಗುವಿಗೆ ಗೊತ್ತಾಗುತ್ತದೆ. ಕಾಗದ ಹಿಡಿದು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ಒಳಗೆ ಹೋಗಿ ಅಜ್ಜಿಗೆ ತೋರಿಸುತ್ತದೆ. ಕೆಲವು ತಿಂಗಳಾದ ಮೇಲೆ ಅದು ನಿಮ್ಮ ಹತ್ತಿರ ತರುವುದನ್ನೇ ಬಿಟ್ಟಿರುತ್ತದೆ. ಆಗ ನಿಮಗೆ "ಈಗ ತೊಂದರೆ ಕೊಡಲ್ಲ, ಪಾಪ" ಅನಿಸುತ್ತದೆ.

ನೀವು ಮನೆಗೆ ಕೊಡದ ಹೊತ್ತನ್ನು ಬೇರೆ ಯಾರೋ ತುಂಬುತ್ತಿರುತ್ತಾರೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರೆ, ಅದೇ ಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಗಂಡ ಹದಿಮೂರು ಗಂಟೆ ದುಡಿಯುತ್ತಾನೆ ಎಂದು ಹೊಗಳುವಾಗ ಅವನ ಬಟ್ಟೆ ಒಗೆದವರು, ಮಗುವಿನ ಜ್ವರಕ್ಕೆ ಎಚ್ಚರ ಇದ್ದವರು ಯಾರು ಎಂದೂ ಕೇಳಬೇಕಲ್ವಾ? ಕೆಲಸದ ಗೀಳು ಹಿಡಿದವರು ಹೆಂಗಸರಾದರೆ ಇನ್ನೂ ಕಷ್ಟ. ಅವರಿಗೆ ಮನೆಯ ಪಾಳಿಯೂ ತಪ್ಪುವುದಿಲ್ಲ, ಎರಡೂ ಸೇರಿ ಕತ್ತರಿಸುವುದು ಅವರ ನಿದ್ದೆಯನ್ನೇ.

ಹೆಜ್ಜೆ 4: ಮುಗಿಸುವ ಹೊತ್ತನ್ನು ಮೊದಲೇ ಗೊತ್ತು ಮಾಡಿ

ತೋಟಕ್ಕೆ ನೀರು ಬಿಟ್ಟವರಿಗೆ ಗೊತ್ತು, ಮಡೆ ಕಟ್ಟದಿದ್ದರೆ ನೀರು ತಗ್ಗು ಇದ್ದ ಕಡೆಗೆಲ್ಲ ಹರಿಯುತ್ತದೆ. ಕೆಲಸವೂ ಅಷ್ಟೇ. "ಮುಗಿದ ಮೇಲೆ ಏಳುತ್ತೇನೆ" ಎಂದರೆ ಯಾವತ್ತೂ ಏಳುವುದಿಲ್ಲ. ಕೆಲಸ ಮುಗಿಯುವುದಿಲ್ಲ, ನಾವು ನಿಲ್ಲಿಸಬೇಕು.

ಒಮ್ಮೆಲೇ ಸಂಜೆ ಆರಕ್ಕೆ ಎಲ್ಲ ಬಂದ್ ಎಂದು ಹೊರಡಬೇಡಿ, ನಾಲ್ಕನೇ ದಿನ ಮುರಿಯುತ್ತದೆ. ಈಗ ರಾತ್ರಿ ಹನ್ನೊಂದಕ್ಕೆ ನಿಲ್ಲಿಸುತ್ತಿದ್ದರೆ ಮೊದಲ ವಾರ ಹತ್ತೂವರೆಗೆ ನಿಲ್ಲಿಸಿ. ಅದು ಒಗ್ಗಿದ ಮೇಲೆ ಇನ್ನರ್ಧ ಗಂಟೆ ಹಿಂದಕ್ಕೆ ತನ್ನಿ. ವಾರದಲ್ಲಿ ಎರಡು ದಿನ ಮಾತ್ರ ಬೇರೆಯವರಿಗೆ ಕೊಟ್ಟ ಮಾತಿನ ಜೊತೆ ಈ ಹೊತ್ತನ್ನು ಕಟ್ಟಿಬಿಡಿ. ಮಗಳನ್ನು ಸಂಗೀತದ ಕ್ಲಾಸಿನಿಂದ ಕರೆತರುವುದು, ಗೆಳೆಯರ ಜೊತೆ ದುಡ್ಡು ಕೊಟ್ಟು ಕಾದಿರಿಸಿದ ಶಟಲ್ ಕೋರ್ಟು, ಅಮ್ಮನ ಜೊತೆ ಏಳೂವರೆಯ ವಾಕಿಂಗು. ನಮಗೆ ನಾವೇ ಕೊಟ್ಟ ಮಾತನ್ನು ಸುಲಭವಾಗಿ ಮುರಿಯುತ್ತೇವೆ. ಕಾಯುತ್ತಾ ನಿಂತ ಮಗಳಿಗೆ ಕೊಟ್ಟ ಮಾತನ್ನು ಅಷ್ಟು ಸುಲಭವಾಗಿ ಮುರಿಯುವುದಿಲ್ಲ.

ಕೊನೆಯ ಇಪ್ಪತ್ತು ನಿಮಿಷ ಹೊಸ ಕೆಲಸ ಹಿಡಿಯಬೇಡಿ. ಅರ್ಧಕ್ಕೆ ನಿಂತ ಕೆಲಸ ಎಲ್ಲಿಗೆ ಬಂದಿದೆ, ನಾಳೆ ಎಲ್ಲಿಂದ ಶುರು ಎಂದು ಎರಡು ಸಾಲು ಬರೆಯಿರಿ. ನಾಳೆಯ ಮೊದಲ ಮೂರು ಕೆಲಸ ಬರೆಯಿರಿ. ಬರೆದಿಟ್ಟರೆ ತಲೆ ಅದನ್ನು ಹೊತ್ತುಕೊಂಡು ಮಲಗಬೇಕಿಲ್ಲ. ಆಮೇಲೆ ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಚಾರ್ಜರ್ ಸಮೇತ ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಬ್ಯಾಗನ್ನು ಬೀರುವಿನೊಳಗೆ ಇಡಿ. ಊಟದ ಮೇಜಿನ ಮೇಲೆ ತೆರೆದೇ ಇದ್ದರೆ ನೀರು ಕುಡಿಯಲು ಎದ್ದಾಗಲೂ ಕೈ ಹೋಗುತ್ತದೆ. ತೆಗೆಯಲು ಎರಡು ನಿಮಿಷ ಬೇಕು ಎಂದಾದರೆ ಎಷ್ಟೋ ಸಲ ಸುಮ್ಮನಾಗುತ್ತೀರಿ.

ಅಮೆರಿಕದ ಜೊತೆ ಕೆಲಸ ಮಾಡುವವರಿಗೆ ಒಂದು ಮಾತು. ರಾತ್ರಿ ಕಾಲ್‌ಗಳನ್ನು ಐದೂ ದಿನ ಚೆಲ್ಲಾಡಲು ಬಿಡಬೇಡಿ. ವಾರಕ್ಕೆ ಎರಡು ರಾತ್ರಿಗೆ ಒಟ್ಟು ಮಾಡಲು ಕೇಳಿ. ಆ ಎರಡು ದಿನ ಬೆಳಗ್ಗೆ ತಡವಾಗಿ ಶುರು ಮಾಡಿ, ಕ್ಯಾಲೆಂಡರ್‌ನಲ್ಲಿ ಅದನ್ನು ಬ್ಲಾಕ್ ಮಾಡಿ. ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಇಲ್ಲಿ ಎಂಟೂವರೆಗೆ ಇದ್ದ ಕಾಲ್ ಒಂಬತ್ತೂವರೆಗೆ ಹೋಗುತ್ತದೆ. ಮಾರ್ಚ್‌ನ ಎರಡನೇ ಭಾನುವಾರದವರೆಗೆ ಹಾಗೇ ಇರುತ್ತದೆ. ನಾಲ್ಕು ತಿಂಗಳು ದಿನವೂ ಒಂದು ಗಂಟೆ ನಿದ್ದೆ ಹೋಗುವುದು ಹೀಗೆ. ಅಕ್ಟೋಬರ್ ಕೊನೆಯಲ್ಲೇ ಮೇಲ್ ಬರೆದು ಹೊತ್ತು ಬದಲಿಸಲು ಕೇಳಿ. ಕೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ, ಅವರಿಗೆ ಇದು ಹೊಳೆದಿರುವುದೇ ಇಲ್ಲ.

ಹೆಜ್ಜೆ 5: ಫೋನಿಗೆ ಕಡಿವಾಣ

ಆಫೀಸಿನ ಮೇಲ್ ಮತ್ತು ಚಾಟ್ ನೋಟಿಫಿಕೇಶನ್ ಗೊತ್ತು ಮಾಡಿದ ಹೊತ್ತಿನ ನಂತರ ತಾನಾಗಿಯೇ ನಿಲ್ಲುವಂತೆ ಸೆಟ್ ಮಾಡಿ. ಆಂಡ್ರಾಯ್ಡ್‌ನಲ್ಲಿ ವರ್ಕ್ ಪ್ರೊಫೈಲ್ ಇದ್ದರೆ ಒಂದೇ ಬಟನ್‌ನಲ್ಲಿ ಎಲ್ಲ ಮಲಗುತ್ತದೆ, ಐಫೋನ್‌ನಲ್ಲಿ ಫೋಕಸ್ ಇದೆ. ವಾಟ್ಸ್‌ಆ್ಯಪ್‌ನ ಆಫೀಸ್ ಗುಂಪುಗಳನ್ನು ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ. ನಿಜವಾದ ತುರ್ತು ಬಂದರೆ ಎಂಬ ಭಯ ಇರುತ್ತದಲ್ವಾ? ಡು ನಾಟ್ ಡಿಸ್ಟರ್ಬ್‌ನಲ್ಲಿ ಒಬ್ಬರೇ ಎರಡು ಸಲ ಬೆನ್ನುಬೆನ್ನಿಗೆ ಕರೆದರೆ ರಿಂಗ್ ಆಗುವ ಹಾಗೆ ಇಡಬಹುದು. "ತುರ್ತು ಇದ್ದರೆ ಎರಡು ಸಲ ಫೋನ್ ಮಾಡಿ, ಮೆಸೇಜ್ ಬೇಡ" ಎಂದು ಟೀಮಿಗೆ ಹೇಳಿಬಿಡಿ. ಫೋನ್ ಮಾಡುವಷ್ಟು ತುರ್ತು ಎಷ್ಟು ಅಪರೂಪ ಎಂದು ಒಂದು ತಿಂಗಳಲ್ಲಿ ಗೊತ್ತಾಗುತ್ತದೆ.

ನೀವೇ ಬಾಸ್ ಆಗಿದ್ದರೆ ರಾತ್ರಿ ಬರೆದ ಮೇಲನ್ನು ಆಗಲೇ ಕಳಿಸಬೇಡಿ, ಬೆಳಗ್ಗೆ ಒಂಬತ್ತೂವರೆಗೆ ಹೋಗುವಂತೆ ಶೆಡ್ಯೂಲ್ ಮಾಡಿ. "ಈಗಲೇ ಉತ್ತರ ಬೇಕಿಲ್ಲ" ಎಂದು ನೀವು ಬರೆದರೂ ಕೆಳಗಿನವರು ಎದ್ದು ಉತ್ತರ ಕೊಡುತ್ತಾರೆ. ನಿಮ್ಮ ಗೀಳು ಹತ್ತು ಮನೆಗೆ ಹರಡುವುದು ಹೀಗೆ.

ಹೆಜ್ಜೆ 6: ಮೇಲಿನವರ ಹತ್ತಿರ ಮಾತಾಡಿ

"ತುಂಬಾ ಕೆಲಸ ಆಗ್ತಿದೆ ಸರ್" ಎಂದರೆ "ಎಲ್ಲರಿಗೂ ಆಗ್ತಿದೆ" ಎಂಬ ಉತ್ತರ ಸಿದ್ಧ ಇರುತ್ತದೆ. ನಿಮ್ಮ ನೋಟ್‌ಬುಕ್ ತೆಗೆದುಕೊಂಡು ಹೋಗಿ. ದೂರಿನ ದನಿ ಬೇಡ, ಆಯ್ಕೆ ಅವರ ಮುಂದಿಡಿ: "ಮೇಡಂ, ಈ ವಾರ ಈ ನಾಲ್ಕು ಕೆಲಸ ನನ್ನ ಹತ್ತಿರ ಇದೆ. ಮೂರು ಚೆನ್ನಾಗಿ ಆಗುತ್ತದೆ. ಯಾವುದನ್ನು ಮುಂದಿನ ವಾರಕ್ಕೆ ಹಾಕಲಿ, ನೀವೇ ಹೇಳಿ." ಹೊಸ ಕೆಲಸ ಬಂದಾಗ ಬಾಯಿಗೆ ಮೊದಲು ಬರುವ "ಆಯ್ತು ಸರ್" ಅನ್ನು ತಡೆದು "ನೋಡಿ ಮಧ್ಯಾಹ್ನದೊಳಗೆ ಹೇಳುತ್ತೇನೆ" ಎಂದು ಅಭ್ಯಾಸ ಮಾಡಿ. ಗೀಳು ಇರುವವರು ಕೇಳುವ ಮೊದಲೇ ಒಪ್ಪಿಕೊಂಡಿರುತ್ತಾರೆ. ಆ ಎರಡು ಗಂಟೆಯ ಬಿಡುವು ತುಂಬಾ ಸಹಾಯ ಮಾಡುತ್ತದೆ.

ಹೆಜ್ಜೆ 7: ಬಲವಂತ ಇದ್ದರೆ ಕಾನೂನು ತಿಳಿದಿರಲಿ

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿ ದಿನಕ್ಕೆ 10 ಗಂಟೆ, ಮೂರು ತಿಂಗಳಿಗೆ 50 ಗಂಟೆ ಓವರ್‌ಟೈಮ್, ಅದಕ್ಕೆ ಎರಡು ಪಟ್ಟು ಕೂಲಿ. ಮ್ಯಾನೇಜರ್ ದರ್ಜೆಯವರಿಗೆ ಇದು ಅನ್ವಯಿಸುವುದಿಲ್ಲ. 2024ರ ಜುಲೈನಲ್ಲಿ ಐಟಿ ಕೆಲಸದ ದಿನವನ್ನು 14 ಗಂಟೆಯವರೆಗೆ ಚಾಚುವ ಪ್ರಸ್ತಾವ ಬಂದಾಗ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ ಬಲವಾಗಿ ವಿರೋಧಿಸಿತು. 2025ರಲ್ಲಿ ಮಿತಿ ಏರಿಸುವ ಮಾತು ಮತ್ತೆ ಬಂತು. ಹಾಗಾಗಿ ದೂರು ಕೊಡುವ ಮೊದಲು ಕಾರ್ಮಿಕ ಇಲಾಖೆಯಲ್ಲಿ ಇವತ್ತಿನ ನಿಯಮ ಕೇಳಿಕೊಳ್ಳಿ. ನೋಟ್‌ಬುಕ್‌ನ ಪುಟಗಳು, ರಾತ್ರಿ ಬಂದ ಮೇಲ್‌ಗಳು ಜೋಪಾನವಾಗಿರಲಿ.

ಹೆಜ್ಜೆ 8: ಖಾಲಿ ಹೊತ್ತಿಗೆ ಸಿದ್ಧರಾಗಿ

ಎಲ್ಲಕ್ಕಿಂತ ಕಷ್ಟದ್ದು ಇದೇ, ಮಾರ್ಗದರ್ಶಿಗಳಲ್ಲಿ ಕಡಿಮೆ ಬರೆಯುವುದೂ ಇದನ್ನೇ. ಕೆಲಸ ಕಡಿಮೆ ಮಾಡಿದ ಮೊದಲ ಕೆಲವು ವಾರ ಆರಾಮ ಅನಿಸುವುದಿಲ್ಲ. ಭಾನುವಾರ ಮಧ್ಯಾಹ್ನ ತಲೆ ಭಾರ, ಸುಮ್ಮಸುಮ್ಮನೆ ಸಿಟ್ಟು, ಏನೋ ಮರೆತಿದ್ದೇನೆ ಎಂಬ ಕಳವಳ. ಮನೆಯವರಿಗೂ ಮುಜುಗರ. ಇಷ್ಟು ವರ್ಷ ನೀವಿಲ್ಲದೆ ಸಾಗಿದ ಮನೆಯಲ್ಲಿ ನೀವು ದಿಢೀರನೆ ಬಂದು ಕೂತರೆ ಯಾರಿಗೂ ಏನು ಮಾಡಬೇಕು ಎಂದು ತೋಚುವುದಿಲ್ಲ. "ನೋಡಿದ್ರಾ, ನನಗೆ ಕೆಲಸವೇ ಸರಿ" ಎಂದು ಬಹಳ ಜನ ಇಲ್ಲೇ ವಾಪಸ್ ಹೋಗುತ್ತಾರೆ. ಈ ಚಡಪಡಿಕೆ ಬರುತ್ತದೆ, ದಿನ ಕಳೆದಂತೆ ಇಳಿಯುತ್ತದೆ.

ಆ ಹೊತ್ತಿಗೆ ದೊಡ್ಡ ಹವ್ಯಾಸ ಹುಡುಕಬೇಡಿ. ಗೀಳಿನವರು ಮ್ಯಾರಥಾನ್ ಹಿಡಿದರೆ ಅದರಲ್ಲೂ ಟಾರ್ಗೆಟ್ ಇಟ್ಟುಕೊಳ್ಳುತ್ತಾರೆ. ಗೆದ್ದೆ, ಸೋತೆ ಎಂದು ಇಲ್ಲದ, ಕೈ ಆಡಿಸುವ ಕೆಲಸ ಹಿಡಿಯಿರಿ. ಅವರೆಕಾಯಿ ಸುಲಿಯುವುದು, ಕುಂಡಕ್ಕೆ ಮಣ್ಣು ಹಾಕುವುದು, ಮಗುವಿನ ಪುಸ್ತಕಗಳಿಗೆ ಬೈಂಡ್ ಹಾಕುವುದು. ಮನೆಯಲ್ಲಿ ಒಂದು ಕೆಲಸವನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ. "ಸಹಾಯ ಮಾಡ್ತೀನಿ" ಅನ್ನಬೇಡಿ. ರಾತ್ರಿ ಪಾತ್ರೆ ನಿಮ್ಮದು ಎಂದರೆ ನಿಮ್ಮದೇ.

ಸುಮ್ಮನೆ ಕೂತರೆ ತಪ್ಪು ಮಾಡಿದ ಹಾಗೆ ಅನಿಸುವವರು "ಕಾಯಕವೇ ಕೈಲಾಸ" ಎಂಬ ಮಾತನ್ನು ತಮ್ಮ ಪರವಾಗಿ ತರುತ್ತಾರೆ. ಕಲ್ಯಾಣದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕತೆಯನ್ನು ಪೂರ್ತಿ ನೆನಪಿಸಿಕೊಳ್ಳಬೇಕು. ಮಾತುಕತೆಯಲ್ಲಿ ಮುಳುಗಿ ಮಾರಯ್ಯ ಕಾಯಕ ಮರೆತಾಗ "ಹೋಗಯ್ಯಾ" ಎಂದು ಎಬ್ಬಿಸಿ ಕಳಿಸಿದವಳು ಲಕ್ಕಮ್ಮ. ಅವನು ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲೇ ಸುರಿದು ಬಾ ಎಂದವಳೂ ಅವಳೇ. ಸೋಮಾರಿತನವನ್ನು ಒಪ್ಪದ ಹೆಂಗಸು ಅತಿಯನ್ನೂ ಒಪ್ಪಲಿಲ್ಲ. ಕಾಯಕಕ್ಕೆ ಅವರ ಮನೆಯಲ್ಲಿ "ಇಷ್ಟು ಸಾಕು" ಎಂಬ ಅಳತೆ ಇತ್ತು.

ಹೆಜ್ಜೆ 9: ಒಬ್ಬರೇ ಆಗದಿದ್ದರೆ

ಕೆಲವರಿಗೆ ಕೆಲಸ ಎನ್ನುವುದು ಬೇರೇನನ್ನೋ ಮರೆಯುವ ದಾರಿ ಆಗಿರುತ್ತದೆ. ಸರಿಹೋಗದ ದಾಂಪತ್ಯ, ತೀರಿಕೊಂಡವರ ನೆನಪು, "ನಾನು ಸಾಲದು" ಎಂಬ ಹಳೆಯ ಭಯ. ಅಂಥವರಿಗೆ ಅಲಾರಂ, ನೋಟ್‌ಬುಕ್ ಸಾಕಾಗುವುದಿಲ್ಲ. ತಿಂಗಳುಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ರುಚಿ ಇಲ್ಲ, ಬದುಕು ಬೇಡ ಅನಿಸುತ್ತಿದೆ ಎಂದರೆ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಹತ್ತಿರವೇ ಇದೆ. ಜಿಲ್ಲೆಗಳಲ್ಲಿ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು.

ಏನು ಹೇಳಬೇಕು ಎಂದು ತಿಳಿಯದೆ ಎಷ್ಟೋ ಜನ ಫೋನ್ ಕೆಳಗಿಡುತ್ತಾರೆ. ಇಷ್ಟು ಹೇಳಿದರೆ ಸಾಕು: "ನನಗೆ ಕೆಲಸ ನಿಲ್ಲಿಸೋಕೆ ಆಗ್ತಿಲ್ಲ. ನಿಲ್ಲಿಸಿದರೆ ಭಯ ಆಗುತ್ತೆ." ಮುಂದಿನ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ. ಈ ಲೇಖನ ಓದುತ್ತಿರುವವರು ಮನೆಯವರಾಗಿದ್ದರೆ, ನೀವೂ ಅದೇ ನಂಬರಿಗೆ ಫೋನ್ ಮಾಡಿ ಅವರ ಜೊತೆ ಹೇಗೆ ಮಾತು ಶುರು ಮಾಡಲಿ ಎಂದು ಕೇಳಬಹುದು.